ಕಾಯ್ ಲಾಭ ಬೀಳುವ ಹೊತ್ತಿಗೆ

ಮೊನ್ನೆ ಮಗಳು ದಿಂಬಿನ ಚೀಲಕ್ಕೆಂದು ಕೋರಾ ಬಟ್ಟೆ ತಂದಳು. ಮಗ್ಗದಿಂದ ಇಳಿದ ಮೇಲೆ ಇನ್ನೂ ನೀರು ಕಾಣದ ಬಟ್ಟೆಗೆ ನಮ್ಮ ಕಡೆ ಕೋರಾ ಅನ್ನುತ್ತಾರೆ. ಹೊಲಿಯುವ ಮೊದಲು ಗಂಜಿ ಬಿಡಲಿ ಎಂದು ನಾನೇ ಅದನ್ನು ಬಕೆಟ್ಟಿನಲ್ಲಿ ನೆನೆ ಹಾಕಿದೆ. ಒಂದು ತಾಸು ಬಿಟ್ಟು ಹಿಂಡಲು ಎತ್ತಿದಾಗ ಆ ವಾಸನೆ ಬಂತು... ಹುಳಿ ಬಂದ ಅಂಬಲಿ, ಹತ್ತಿ, ಜೊತೆಗೆ ಎಲ್ಲೋ ಸ್ವಲ್ಪ ಯಂತ್ರದ ಎಣ್ಣೆ. ನನ್ನ ಕೈ ಅಲ್ಲೇ ನಿಂತಿತು. ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಮಹಾರಾಷ್ಟ್ರದ ಗಡಿಯ ಮಗ್ಗದ ಊರು ಇಚಲಕರಂಜಿಯ ಒಂದು ಮಳೆಯ ಸಂಜೆ, ಇದೇ ನೀರು ತೊಟ್ಟಿಕ್ಕಿ ನನ್ನ ತುಟಿಯ ಮೇಲೆ ಬಿದ್ದಿತ್ತು. ಅದರ ಹಿಂದೆಯೇ ಕಾಕೂನ ನೆನಪಾಯಿತು.

ಕಾಕೂ ನಮ್ಮ ಪಕ್ಕದ ಮನೆಯವಳು. ಮರಾಠಿಯಲ್ಲಿ ಕಾಕೂ ಅಂದರೆ ಚಿಕ್ಕಮ್ಮ. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ಆಕೆ ಅಲ್ಲಿ ಕೆಮ್ಮಿದರೆ ಇಲ್ಲಿ ನಮ್ಮ ತಟ್ಟೆ ಅಲುಗುತ್ತಿತ್ತು. ಓಣಿಯ ಕೊನೆಯ ಮಗ್ಗದ ಶೆಡ್ಡಿನಲ್ಲಿ ಆಕೆಗೆ ಕಾಂಡಿ ತುಂಬುವ ಕೆಲಸ, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗಳಿಗೆ ನೂಲು ಸುತ್ತುವುದು. ಹಾಗಾಗಿ ಇಡೀ ಓಣಿಗೆ ಕಾಂಡಿ ಕಾಕೂ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅಥಣಿ ಕಡೆಯಿಂದ ಮದುವೆಯಾಗಿ ಬಂದವಳು, ಪ್ರೀತಿಗೆ ಕನ್ನಡ, ಜಗಳಕ್ಕೆ ಮರಾಠಿ ಎಂದು ಭಾಷೆಗಳನ್ನು ಪಾಲು ಮಾಡಿಟ್ಟಿದ್ದಳು. ನನ್ನ ಮೇಲೆ ಎರಡನ್ನೂ ಧಾರಾಳವಾಗಿ ಬಳಸುತ್ತಿದ್ದಳು.

ನನ್ನ ಮೊದಲ ಕೂಸು ಮಹಾಗಾಂವದ ತವರಿನಲ್ಲಿ ಸತ್ತೇ ಹುಟ್ಟಿತ್ತು. ಒಡೆದ ನೀರು ಹಸಿರಾಗಿತ್ತು. ಗಡಹಿಂಗ್ಲಜದ ದವಾಖಾನೆಗೆ ಹೋಗಲು ಗಾಡಿ ಹೂಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡನೆಯ ಬಸಿರಿಗೂ ನಾನು ತವರಿಗೇ ಹೊರಟಿದ್ದೆ. ಕಾಕೂ ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲೇ ಹಡಿ. ನಾಕ ಹೆಜ್ಜಿಗೆ ಸರಕಾರಿ ದವಾಖಾನಿ ಐತಿ. ನಾ ಅದೇನಿ."

ನಾಲ್ಕು ಹೆಜ್ಜೆಯೇನಲ್ಲ, ಎರಡು ಪೇಟೆ ದಾಟಿ ಹೋಗಬೇಕು. ಆದರೂ 'ನಾ ಅದೇನಿ' ಅಂದ ಆ ಮಾತಿಗೆ ನಾನು ಗಂಟು ಬಿಚ್ಚಿಟ್ಟು ಉಳಿದೆ.

ಅದು ಎಪ್ಪತ್ತೊಂಬತ್ತರ ಬೇಸಿಗೆ. ತಗಡಿನ ಮಾಡಿನ ಕೆಳಗೆ ಕೂರಲಾಗದೆ ಸಂಜೆಯಾದರೆ ಓಣಿಯೆಲ್ಲ ಹೊರಗೆ ಬಂದು ಕೂರುತ್ತಿತ್ತು. ನಮ್ಮವರು ಮಗ್ಗದ ಪಾಳಿ ಮುಗಿಸಿ, ಚಹಾದಂಗಡಿಯಲ್ಲಿ ಕೊಲ್ಲಾಪುರದ ಪೇಪರು ಓದಿ ಬಂದು ಸುದ್ದಿ ಹೇಳುತ್ತಿದ್ದರು. ಅಮೆರಿಕದವರು ಆಕಾಶದಲ್ಲಿ ಒಂದು ಮನೆ ತೇಲಿಬಿಟ್ಟಿದ್ದಾರೆ, ಅದು ಈಗ ಹಿಡಿತ ತಪ್ಪಿ ಕೆಳಗಿಳಿಯುತ್ತಿದೆ, ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಅವರಿಗೂ ಗೊತ್ತಿಲ್ಲ. ಹೆಸರು ಸ್ಕಾಯಲ್ಯಾಬ್. ಕಾಕೂ ಕಿವಿಗೆ ಅದು 'ಕಾಯ್ ಲಾಭ' ಎಂದು ಬಿತ್ತು. ಮರಾಠಿಯಲ್ಲಿ ಹಾಗೆಂದರೆ 'ಏನು ಲಾಭ' ಎಂದು.

"ಏನ ಲಾಭ ಅಂತ ತಾವ ಕೇಳಾಕತ್ತಾರಲ್ಲೋ," ಅಂದಳು ಕಾಕೂ. "ಲಾಭ ಇಲ್ಲದ್ದನ್ನ ಯಾಕ ಹಾರಸ್ಯಾರಂತ?"

ಓಣಿಗೆ ಓಣಿಯೇ ನಕ್ಕಿತು. ಆಮೇಲೆ ಅದರ ಹೆಸರು ಕಾಯ್ ಲಾಭ ಎಂದೇ ಆಯಿತು. ಮುಳುಗಿದ ಹೊತ್ತಿನ ಕೆಂಪು ಇನ್ನೂ ಆರದಿರುವಾಗ ಪಡುವಣದಲ್ಲಿ ಒಂದು ಚುಕ್ಕಿ ಎದ್ದು, ಮಿಣುಕದೆ, ಸದ್ದಿಲ್ಲದೆ, ಯಾರೋ ದೀಪ ಹಿಡಿದು ನಡೆದ ಹಾಗೆ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. ಒಂದೊಂದು ಸಂಜೆ ಎರಡು ಮೂರು ಸಲ ಕಾಣುತ್ತಿತ್ತು. ಅವೆಲ್ಲ ಬೇರೆ ಬೇರೆ ಉಪಗ್ರಹಗಳು, ಯಾವ ಯಾವ ದೇಶದವೋ ಏನೋ. ನಮಗೆ ಮಾತ್ರ ನಡೆಯುವ ಚುಕ್ಕಿ ಎಂದರೆ ಕಾಯ್ ಲಾಭವೇ.

ಒಂದು ಸಂಜೆ ನಾನೂ ಕತ್ತೆತ್ತಿ ನೋಡುತ್ತಿದ್ದೆ. ಕಾಕೂ ಚುಕ್ಕಿಯನ್ನು ನೋಡಿದಳು, ನನ್ನ ಹೊಟ್ಟೆಯನ್ನು ನೋಡಿದಳು. ಆಕೆಯ ಮುಖದ ನಗೆ ಇಳಿದುಹೋಯಿತು. ನನ್ನ ರಟ್ಟೆ ಹಿಡಿದು ಒಳಗೆ ನೂಕಿ ಬಾಗಿಲು ಹಾಕಿದಳು. ಮೇಲೆ ಹಾದುಹೋಗುವ ಕೆಟ್ಟ ನೆರಳು ಯಾವುದಾದರೇನು, ಬಸುರಿಗೆ ಅದು ಗ್ರಹಣವೇ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು.

ಆವತ್ತಿನಿಂದ ಸಂಜೆಗಳು ನನಗೆ ಸೆರೆಮನೆಯಾದವು. ಕಾಕೂ ಕೆಲಸದಿಂದ ಬಂದವಳೇ ಕಟ್ಟೆಯ ಮೇಲೆ ಕೂತು ಆಕಾಶ ಕಾಯುವಳು. ಚುಕ್ಕಿ ಕಂಡೊಡನೆ ಬಾಗಿಲಿಗೆ ಬಡಿದು "ಬಂತ!" ಅನ್ನುವಳು. ನಾನು ಒಳಗೆ ಚಾಪೆಯ ಮೇಲೆ ನೆಟ್ಟಗೆ ಮಲಗಬೇಕು. ಬೆರಳು ಮಡಚುವ ಹಾಗಿಲ್ಲ. ಈಳಿಗೆ, ಕತ್ತರಿ, ಸೂಜಿ ಮುಟ್ಟುವ ಹಾಗಿಲ್ಲ. ಅದು ದಾಟಿದ ಮೇಲೆ ಮತ್ತೆ ಬಾಗಿಲಿಗೆ ಬಡಿದು ಮೆತ್ತಗೆ, "ಹೋತು, ಏಳ," ಅನ್ನುವಳು. ಸಿಟ್ಟಿನಿಂದ ನನಗೆ ಅಳು ಬರುತ್ತಿತ್ತು. ಒಲೆಯ ಮೇಲೆ ಪಲ್ಯ ಸೀದರೂ ಆಕೆ ಬಿಡುತ್ತಿರಲಿಲ್ಲ.

ಒಮ್ಮೆ ನಾನು ಜಗಳಕ್ಕೇ ನಿಂತೆ. ಆಗ ಕಾಕೂ ಗೋಡೆಗೆ ಒರಗಿ ಕೂತು ತನ್ನ ಒಬ್ಬನೇ ಮಗನ ವಿಷಯ ಹೇಳಿದಳು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹಸಿವು ತಾಳದೆ ಈಳಿಗೆಯ ಮೇಲೆ ಹೀರೇಕಾಯಿ ಹೆಚ್ಚಿದ್ದಳಂತೆ. ಮಗ ಸೀಳುತುಟಿ ಹೊತ್ತು ಹುಟ್ಟಿದ.

"ಹಾಲ ಚೀಪಾಕ ಬರಲಿಲ್ಲ ನೋಡ ಅದಕ್ಕ. ಎದಿ ತುಂಬಿ ಸೋರತಿತ್ತು, ಕೂಸು ಹಸದ ಅಳತಿತ್ತು... ಉಳೀಲಿಲ್ಲ. ಕತ್ತರಿಸಿದ ಕೈ ಇದ."

ಬಲಗೈ ಚಾಚಿ ತೋರಿಸಿದಳು. ನೂಲು ಕೊಯ್ದು ಕೊಯ್ದು ಬೆರಳ ತುದಿಗಳಲ್ಲಿ ಗೀರು ಬಿದ್ದಿದ್ದವು. ಆಮೇಲೆ ನಾನು ಜಗಳ ತೆಗೆಯಲಿಲ್ಲ. ಬಾಗಿಲು ಬಡಿದ ಕೂಡಲೇ ಮಲಗುತ್ತಿದ್ದೆ.

ಆದರೂ ಒಮ್ಮೆ ಕದ್ದು ನೋಡಿದೆ, ಬಾಗಿಲ ಸಂದಿನಿಂದ. ಚುಕ್ಕಿ ನೆತ್ತಿ ದಾಟಿ ಮೂಡಣದ ಕಡೆ ಇಳಿಯುತ್ತಿತ್ತು. ಆಕಾಶದ ಅಂಚು ಇನ್ನೂ ದೂರವಿತ್ತು. ಒಮ್ಮೆಲೇ ಮಂಕಾಯಿತು, ಕೆಂಪಗಾಯಿತು, ನಡು ಆಕಾಶದಲ್ಲೇ ಇಲ್ಲವಾಯಿತು. ಮೋಡದ ತುಣುಕೂ ಇರಲಿಲ್ಲ. ನಾನು ಸರ್ರನೆ ಬಂದು ಚಾಪೆಯ ಮೇಲೆ ಮಲಗಿದೆ. ಕಾಕೂ ಅಂದು ಎಷ್ಟೋ ಹೊತ್ತು ಬಾಗಿಲು ಬಡಿಯಲಿಲ್ಲ.

"ಹೋಗಿಲ್ಲ ಅದು," ಅಂತ ಹೊರಗಿನಿಂದಲೇ ಪಿಸುಗುಟ್ಟಿದಳು. "ದೀಪಾ ಆರಿಸಿಕೊಂಡ ಕುಂತೈತಿ."

ಮಳೆಗಾಲ ಹಿಡಿದ ಮೇಲೆ ಚುಕ್ಕಿ ಕಾಣುವುದೇ ನಿಂತಿತು. ನಾನು ಬಚಾವಾದೆ ಅಂದುಕೊಂಡೆ. ಆದರೆ ಕಂಡಾಗ ಇದ್ದ ಭಯಕ್ಕಿಂತ ಕಾಣದಿರುವಾಗಿನ ಭಯವೇ ಜಾಸ್ತಿಯಾಯಿತು. ಮೋಡದ ಮೇಲೆ ಅದು ಸುತ್ತುತ್ತಲೇ ಇದೆ, ದಿನಕ್ಕಿಷ್ಟು ಇಳಿಯುತ್ತಲೇ ಇದೆ ಎಂದು ರೇಡಿಯೋ ಹೇಳುತ್ತಿತ್ತು. ಯಾವಾಗ ಒಳಗೆ ಹೋಗಬೇಕು, ಯಾವಾಗ ಹೊರಗೆ ಬರಬೇಕು ಎಂದು ಹೇಳಲು ಕಾಕೂಗೆ ಈಗ ಗುರುತೇ ಇರಲಿಲ್ಲ. ಹಾಗಾಗಿ ಹೊತ್ತು ಮುಳುಗಿದ ಮೇಲೆ ನನಗೆ ಹೊಸ್ತಿಲೇ ಗಡಿಯಾಯಿತು. ಓಣಿಯ ಗಂಡಸರು, ಹೇಗೂ ಸಾಯುವುದೇ ಎಂದು, ವಾರದ ನಡುವೆ ಮಟನ್ ತಂದು ಉಣ್ಣುತ್ತಿದ್ದರು. ಆಜರಾ ಕಡೆಯ ಒಬ್ಬ ಮಗ್ಗದವನು ಹೆಂಡತಿ ಮಕ್ಕಳ ಹತ್ತಿರ ಸಾಯುತ್ತೇನೆ ಎಂದು ಎಸ್‌ಟಿ ಬಸ್ಸು ಹತ್ತಿದ. ಹಗಲಿನಲ್ಲಿ ಎಲ್ಲರೂ ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದರು.

ಬೀಳುವುದು ಇವತ್ತು ರಾತ್ರಿಯೋ ನಾಳೆಯೋ ಎಂದು ರೇಡಿಯೋ ಹೇಳಿದ ದಿನ, ದೀಪ ಹಚ್ಚುವ ಹೊತ್ತಿಗೆ, ನನಗೆ ಬೇನೆ ಶುರುವಾಯಿತು. ಹೊರಗೆ ಮಳೆ. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಇಚಲಕರಂಜಿಯಲ್ಲಿ ಮಗ್ಗದ ಸದ್ದು ನಿಂತರೆ ಕಿವಿಗೆ ಏನೋ ಕಳೆದುಹೋದ ಹಾಗಾಗುತ್ತದೆ. ನಮ್ಮವರು ಟಾಂಗಾ ತರಲು ಓಡಿದರು. ಬಂದು ಬಾಗಿಲಲ್ಲೇ ನಿಂತರು. ಒಬ್ಬ ಟಾಂಗಾದವನೂ ಹೊರಗೆ ಬರಲು ಒಪ್ಪಿರಲಿಲ್ಲ.

"ನಡಸ್ಕೊಂಡ ಹೋಗೂಣ್ರಿ ಕಾಕೂ," ಅಂದರು.

ಕಾಕೂ ಹೊಸ್ತಿಲ ಮೇಲೆ ಅಡ್ಡ ಕೂತಿದ್ದಳು. ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದಿದ್ದಳು. "ಇವತ್ತ ಹೊರಗ ಕಾಲಿಡೂಹಂಗಿಲ್ಲ. ಇಲ್ಲೇ ಹಡೀಲಿ. ನಾ ಹಡಸ್ತೇನಿ."

ಆಗ ನೀರು ಒಡೆಯಿತು. ಕಂದೀಲು ಹತ್ತಿರ ಹಿಡಿದು ಕಾಕೂ ನೋಡಿದಳು. ನಾನೇ ಮೊಣಕೈ ಊರಿ ಎದ್ದು ನೋಡಿದೆ. ಹಸಿರು. ನನ್ನ ಬಾಯಿಂದ ಬಂದ ಕೂಗು ಹೇಗಿತ್ತೋ, ನಮ್ಮವರು ಒಳಗೆ ಓಡಿ ಬಂದು ನನ್ನ ಕೈ ಹಿಡಿದರು. ಕಾಕೂ ಮತ್ತೆ ಹೊಸ್ತಿಲಿಗೆ ಹೋದಳು, ಮೇಲೆ ನೋಡಿದಳು, ಒಳಗೆ ನೋಡಿದಳು. ಮತ್ತೆ ಬಾಗಿಲ ಚೌಕಟ್ಟು ಹಿಡಿದಳು.

"ಕೂಸು ಮಿಸುಕಾಡತೈತೇನ?" ಅಂದಳು.

ನಾನು ಹೊಟ್ಟೆಯ ಮೇಲೆ ಕೈ ಇಟ್ಟು ಕಾದೆ. ಮಗ್ಗಗಳಿಲ್ಲದ ಆ ಮೌನದಲ್ಲಿ ಮಳೆಯೊಂದೇ ಕೇಳುತ್ತಿತ್ತು.

"ಇಲ್ರಿ ಕಾಕೂ... ಆಗಿಂದ ಇಲ್ರಿ."

ಕಾಕೂ ಚೌಕಟ್ಟು ಬಿಟ್ಟಳು. ಮಳೆಯಲ್ಲೇ ಶೆಡ್ಡಿಗೆ ಓಡಿದಳು. ಅಲ್ಲಿ ನಡೆದದ್ದನ್ನು ಆಮೇಲೆ ಮಗ್ಗದವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಕತ್ತಲಲ್ಲಿ ಕೂತು ಬೀಡಿ ಸೇದುತ್ತಿದ್ದ ನಾಲ್ವರನ್ನು ಎಬ್ಬಿಸಿ, ನಿಂತ ಮಗ್ಗದ ಉರುಳೆಯಿಂದ ನೇಯ್ದಷ್ಟು ಬಟ್ಟೆಯನ್ನು ಸರಸರ ಬಿಚ್ಚಿ ಎಳೆದಳಂತೆ. ತಾಗಾ, ಅಂದರೆ ಬಟ್ಟೆಯ ಇಡೀ ಸುರುಳಿ, ಇನ್ನೂ ಪೂರ್ತಿಯಾಗಿಲ್ಲ, ಮಾಲಕ ಬಯ್ಯುತ್ತಾನೆ ಎಂದು ಒಬ್ಬ ಅಂದನಂತೆ. ಇನ್ನೊಬ್ಬ ಕತ್ತರಿ ತೆಗೆದುಕೊಂಡು ಬಂದಾಗ ಕಾಕೂ ಅದನ್ನು ಕಿತ್ತುಕೊಂಡಳಂತೆ.

"ನೀ ಮುಟ್ಟಬ್ಯಾಡ. ನಿನ್ನ ಹೇಣ್ತಿ ಬಸರದಾಳ. ನಾನ ಕತ್ತರಸ್ತೇನಿ. ಪಾಪ ಹತ್ತಿದ್ರ ನನಗ ಹತ್ತಲಿ."

ತಿಂಗಳುಗಟ್ಟಲೆ ನನಗೆ ಸೂಜಿಯನ್ನೂ ಮುಟ್ಟಗೊಡದವಳು, ಆ ಸಂಜೆಯೇ, ಆ ಕೈಯಿಂದಲೇ ಕತ್ತರಿಸಿದಳು.

ನಾಲ್ಕು ಮೂಲೆಗೆ ನಾಲ್ವರು ಬಟ್ಟೆ ಎತ್ತಿ ಹಿಡಿದರು. ಅದರ ಕೆಳಗೆ ನಾನು, ನನ್ನನ್ನು ತಬ್ಬಿಕೊಂಡು ನಮ್ಮವರು. ಆಕಾಶದಿಂದ ಬೀಳುವ ಮನೆಯಷ್ಟು ದೊಡ್ಡ ಕಬ್ಬಿಣಕ್ಕೆ ನಾವು ಅಡ್ಡ ಹಿಡಿದದ್ದು ಒಂದು ತುಂಡು ಕೋರಾ ಬಟ್ಟೆ! ಈಗ ನಗು ಬರುತ್ತದೆ. ಅಂದು ಯಾರೂ ನಗಲಿಲ್ಲ. ಮಳೆಗೆ ಬಟ್ಟೆ ನೆನೆದು ಜೋತು ಗಂಜಿ ನೀರು ತೊಟ್ಟಿಕ್ಕುತ್ತಿತ್ತು. ಬೇನೆಗೆ ಬಾಯಿ ತೆರೆದಾಗಲೆಲ್ಲ ಅದು ನಾಲಿಗೆಗೆ ತಾಗುತ್ತಿತ್ತು. ಕಾಕೂ ಮಾತ್ರ ಬಟ್ಟೆಯ ಕೆಳಗೆ ಬರಲಿಲ್ಲ. ಕಂದೀಲು ಹಿಡಿದು ಮುಂದೆ ಮುಂದೆ ನಡೆಯುತ್ತ, ಕತ್ತು ಮೇಲೆತ್ತಿ ಮೋಡಕ್ಕೆ ಮರಾಠಿಯಲ್ಲಿ ಬಯ್ಯುತ್ತಿದ್ದಳು.

"ಪಡಾಯ್ಚಂ ತರ ಮಾಝ್ಯಾವರ ಪಡ! ಯೇ!" ಬೀಳುವುದಿದ್ದರೆ ನನ್ನ ಮೇಲೆ ಬೀಳು, ಬಾ...

ಮುಚ್ಚಿದ ಬಾಗಿಲುಗಳ ಹಿಂದಿನಿಂದ ಜನ ಇಣುಕಿದರು. ಒಂದು ತಿರುವಿನಲ್ಲಿ ನಾನು ಕಾಲು ಸೋತು ಕೂತೆ. ಕಾಕೂ ಹಿಂದಿರುಗಿ ಬಂದು ನನ್ನ ಮುಖದ ಮೇಲಿನ ಗಂಜಿ ನೀರು ಒರೆಸಿ, "ಇನ್ನ ನಾಕ ಹೆಜ್ಜಿ, ನನ್ನವ್ವ," ಅಂದಳು. ಆಕೆಯ ನಾಲ್ಕು ಹೆಜ್ಜೆಯ ಲೆಕ್ಕ ನನಗೆ ಗೊತ್ತಿತ್ತು. ಆದರೂ ಎದ್ದೆ.

ದವಾಖಾನೆಯಲ್ಲಿ ಡಾಕ್ಟರಬಾಯಿ ಹೊಟ್ಟೆಗೆ ಕಿವಿ ಹಚ್ಚಿ ಕೇಳಿ, ಇನ್ನೂ ಬಡಿದುಕೊಳ್ಳುತ್ತಿದೆ ಅಂದರು. ಅರ್ಧ ತಾಸು ತಡವಾಗಿದ್ದರೆ ಇಲ್ಲ ಎಂದೂ ಅಂದರು. ಕೂಸು ಹುಟ್ಟಿದಾಗ ಅಳಲಿಲ್ಲ. ನರ್ಸು ಬೆನ್ನು ತಟ್ಟಿದಳು, ಕಾಲು ಹಿಡಿದು ತೂಗಿದಳು. ಆಮೇಲೆ ಬಂತು ಆ ಸಣ್ಣ ದನಿ... ಹೆಣ್ಣು. ಹೊರಗೆ ಕೂತಿದ್ದ ಕಾಕೂ ಗಂಡೋ ಹೆಣ್ಣೋ ಎಂದು ಕೇಳಲೇ ಇಲ್ಲ. ಒಳಗೆ ಬಂದವಳೇ ಕಂದೀಲು ಕೆಳಗಿಟ್ಟು, ಒದ್ದೆ ಬೆರಳನ್ನು ಸೆರಗಿಗೆ ಒರೆಸಿ, ಕೂಸಿನ ಮೇಲ್ದುಟಿಯ ಮೇಲೆ ಮೆಲ್ಲಗೆ ಆಡಿಸಿದಳು. ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತಳು.

ಕಾಯ್ ಲಾಭ ಆ ರಾತ್ರಿಯೇ ಬಿದ್ದಿತ್ತು. ಎಲ್ಲೋ ದೂರದ ಸಮುದ್ರಕ್ಕೆ, ಆಸ್ಟ್ರೇಲಿಯಾದ ಬಯಲಿಗೆ.

ಕೆಲವು ವರ್ಷಗಳಾದ ಮೇಲೆ ನಾವು ಗಡಹಿಂಗ್ಲಜಕ್ಕೆ ಬಂದು ನೆಲೆಸಿದೆವು. ಕಾಕೂಗೆ ಕೆಮ್ಮು ಜೋರಾಗಿದೆ ಎಂದು ಕೇಳಿ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಹಾಸಿಗೆ ಹಿಡಿದಿದ್ದಳು. ಮಾತಾಡಿದರೆ ಉಸಿರು ಹತ್ತುತ್ತಿತ್ತು.

"ಅವತ್ತ ಕತ್ತರಿಸಿದ್ನಲ್ಲ, ಅದರದ ಇದು," ಅಂದಳು, ಏನೋ ಖರೀದಿ ಮಾಡಿದವಳ ಹಾಗೆ ನೆಮ್ಮದಿಯಿಂದ.

"ಹಂಗೆಲ್ಲ ಅನಬ್ಯಾಡ್ರಿ ಕಾಕೂ. ಹತ್ತಿ ಧೂಳ ಕುಡದ ಕುಡದ ಬಂದದ್ದರಿ ಇದು," ಎಂದು ನಾನು ರೇಗಿದೆ.

"ಇರಲಿ ಬಿಡ," ಎಂದು ನನ್ನ ಮಗಳ ಕೆನ್ನೆ ಹಿಡಿದಳು. "ಕಾಯ್ ಲಾಭ ಅಂತ ಕೇಳತಿದ್ದಿವಲ್ಲ. ಇದ ನೋಡ ಲಾಭ."

ಆ ಮಳೆಗಾಲ ಆಕೆ ದಾಟಲಿಲ್ಲ. ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಧೂಳಿನಿಂದಲೇ ಸತ್ತಳು ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕತ್ತರಿ ಹಿಡಿದಾಗಲೆಲ್ಲ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಅದಕ್ಕೆ ನಾನೇನು ಮಾಡಲಿ?

ಮೊನ್ನೆ ಬಟ್ಟೆ ಒಣಹಾಕಿದ ಸಂಜೆ ಮಗಳು ಮಾಳಿಗೆಗೆ ಕರೆದಳು. ಮನುಷ್ಯರಿರುವ ಬಾಹ್ಯಾಕಾಶ ನಿಲ್ದಾಣವೊಂದು ಈಗ ಹಾದುಹೋಗುತ್ತದೆ ಎಂದು ಆಕೆಯ ಮೊಬೈಲು ಹೇಳಿತ್ತು. ಬಂತು. ಅದೇ ನಡಿಗೆ. ನಡು ಆಕಾಶದಲ್ಲಿ ಮಂಕಾಗಿ, ಕೆಂಪಗಾಗಿ, ಆರಿಹೋಯಿತು. ಎಲ್ಲಿಗೆ ಹೋಯಿತು ಎಂದು ಕೇಳಿದೆ. ಭೂಮಿಯ ನೆರಳಿನೊಳಗೆ ಹೋಯಿತು, ಅದಕ್ಕೂ ಗ್ರಹಣ ಹಿಡಿದ ಹಾಗೆ ಅವ್ವಾ, ಅಂದಳು ಮಗಳು. ಅದಕ್ಕೂ ಗ್ರಹಣ! ಇದನ್ನು ಕೇಳಿದ್ದರೆ ಕಾಕೂ ಅದನ್ನೂ ಒಳಗೆ ಕರೆದು ಚಾಪೆಯ ಮೇಲೆ ಮಲಗಿಸುತ್ತಿದ್ದಳೋ ಏನೋ...

ಮಗಳು ಕೆಳಗಿಳಿದು ಹೋದಳು. ನಾನು ಒಣಹಾಕಿದ ಕೋರಾ ಬಟ್ಟೆಯ ಪಕ್ಕದಲ್ಲಿ ಕತ್ತಲಾಗುವವರೆಗೂ ಕೂತೇ ಇದ್ದೆ. ಹೋತು, ಏಳ ಅನ್ನುವವರು ಯಾರೂ ಇರಲಿಲ್ಲ.