ಕರಡಿಗೆ ಬಿಚ್ಚಿದ ಕೈ

ನಾವು ಮುಕ್ಕುಂದದಲ್ಲಿದ್ದ ಕಾಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಗ್ಗೆ ಅನ್ನದ ಗಂಜಿ ಬಸಿಯುತ್ತಿದ್ದೆ. ಎಂಟು ವರ್ಷದ ಮಗಳು ಆಡುತ್ತ ಓಡಿಬಂದು ನನ್ನ ಮೊಣಕೈಗೆ ಬಡಿದಳು. ಕುದಿಯುವ ಗಂಜಿ ಅವಳ ಕೊರಳಿನಿಂದ ಎದೆಗೆ ಇಳಿಯಿತು.

ಅವಳಿಗೆ ಲಿಂಗದೀಕ್ಷೆಯಾಗಿ ಬಹಳ ದಿನವಾಗಿರಲಿಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕಾದ ಬೆಳ್ಳಿ ಎದೆಗೆ ಒತ್ತಿಕೊಂಡಿತ್ತು. ದಾರದವರೆಗೆ ಹೋದ ನನ್ನ ಕೈ ಅಲ್ಲೇ ನಿಂತಿತು. ಕಟ್ಟಿದ ಲಿಂಗವನ್ನು ಮೈಯಿಂದ ಅಗಲಿಸಬಾರದು ಎಂದು ಕೇಳುತ್ತಲೇ ಬೆಳೆದವರು ನಾವು.

ಪೂಜೆಗೆ ಕೂತಿದ್ದ ಅತ್ತೆ ಎದ್ದುಬಂದರು. ದಾರ ಬಿಚ್ಚಿ, ಕರಡಿಗೆಯನ್ನು ಸೆರಗಿನಲ್ಲಿ ಹಿಡಿದರು.

“ಶಿವನೇ, ಸ್ವಲ್ಪ ಹೊತ್ತು ನನ್ನ ಕೈಯಾಗ ಇರಪ್ಪಾ. ಏನ್ ನೋಡಾಕತ್ತಿ ಬೇ? ಕೊಡದ ನೀರು ಸುರುವು!”

ಸುರುವಿದೆ. ನಿಲ್ಲಿಸಲು ಹೋದರೆ “ಇನ್ನಾ ಸುರುವು” ಎಂದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಶಾಯಿ ಬಾಟಲಿ ಹಿಡಿದು ಬಂದಳು.

“ಶಾಯಿ ಹಚ್ರೀ, ಬೊಬ್ಬಿ ಏಳಂಗಿಲ್ಲ.”

“ಹುಡುಗಿ ಮೈಮ್ಯಾಲೆ ಏನ್ ಅಕ್ಷರ ಬರೀತಿ? ಒಯ್ದು ಸಾಲಿ ಹುಡುಗರಿಗೆ ಕೊಡು,” ಎಂದರು ಅತ್ತೆ. ಅವರ ಹಳೆಯ ಸುಟ್ಟ ಗಾಯಕ್ಕೆ ಯಾರೋ ಸುಣ್ಣ ಹಚ್ಚಿ ಕೀವಾಗಿತ್ತಂತೆ.

ಅಂಟಿದ ಅಂಗಿಯನ್ನು ಎಳೆಯಲಿಲ್ಲ. ಒಗೆದ ಧೋತರದ ತುಂಡನ್ನು ಮೇಲೆ ಹಗುರವಾಗಿ ಹೊದಿಸಿ, ಸಿಂಧನೂರಿಗೆ ಹೊರಟಿದ್ದ ಟ್ರ್ಯಾಕ್ಟರ್ ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಕರಡಿಗೆಯನ್ನು ಕೈಬಿಡಲಿಲ್ಲ. ಡಾಕ್ಟರು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ದೇವರ ದಯೆ, ಗಾಯ ಕೀವಾಗದೆ ಮಾಯಿತು.

ಅಂಜಿಕೆ ಮಾತ್ರ ಮಾಯಲಿಲ್ಲ. ಕರಡಿಗೆ ಕಂಡರೆ ಸಾಕು, ಮಗಳು ಬಾಗಿಲ ಹಿಂದೆ ಸೇರುತ್ತಿದ್ದಳು. “ಅದು ಸುಡ್ತೈತಿ, ನಂಗ ಬ್ಯಾಡ.” ಮಗಳು ಲಿಂಗವನ್ನೇ ಒಲ್ಲೆನೆಂದರೆ ತಾಯಿಯಾದವಳಿಗೆ ಹೇಗಾಗಬೇಡ? ನಾನು ದಿನಾಲೂ ಅಳುತ್ತಿದ್ದೆ.

ಲಿಂಗಸುಗೂರಿನಿಂದ ನೋಡಲು ಬಂದ ನನ್ನ ಅವ್ವ, “ಜೋರ್ ಮಾಡಿ ಕಟ್ರಿ, ತಾನ ರೂಢಿ ಆಕೈತಿ,” ಎಂದಳು.

“ಅಂಜಿದ ಕೂಸಿಗೆ ದೇವ್ರನ್ನೂ ಜೋರ್ ಮಾಡಿ ಕಟ್ಟೂದೇನ್ರೀ ಬೀಗತಿ?” ಎಂದರು ಅತ್ತೆ.

ಅಂದಿನಿಂದ ಮೊಮ್ಮಗಳ ಲಿಂಗವನ್ನೂ ತಾವೇ ಕಟ್ಟಿಕೊಂಡರು. ಪೂಜೆಯ ಹೊತ್ತಿಗೆ ಅವಳನ್ನು ಹತ್ತಿರ ಕೂಡಿಸಿಕೊಂಡು, ಎರಡಕ್ಕೂ ಅವಳ ಕೈಯಿಂದಲೇ ನೀರು ಹಾಕಿಸುತ್ತಿದ್ದರು. ಕಟ್ಟಿಕೋ ಎಂದು ಒಮ್ಮೆಯೂ ಅನ್ನಲಿಲ್ಲ. ಮೊದಮೊದಲು ದೂರದಿಂದ ನೀರು ಚಿಮುಕಿಸುತ್ತಿದ್ದವಳು ಬರಬರುತ್ತ ಬೆರಳು ತಾಗಿಸತೊಡಗಿದಳು.

ಶ್ರಾವಣದ ಒಂದು ಸೋಮವಾರ, ಅಮ್ಮ ಎಂದೇ ಕರೆಯುವ ಅಜ್ಜಿಯನ್ನು ತಾನಾಗಿ ಕೇಳಿದಳು: “ಅಮ್ಮಾ, ಎರಡು ಹೊತ್ರ ನಿಂಗ ಕುತ್ತಿಗಿ ನೋಯಂಗಿಲ್ಲೇನು?”

“ನೋಯ್ತೈತವ್ವಾ. ಏನ್ ಮಾಡ್ಲಿ?”

“ನಂದು ಕೊಡು. ಬೆಳ್ಳಿ ಬ್ಯಾಡ. ಅರಿವ್ಯಾಗ ಕಟ್ಟು.”

ಅತ್ತೆ ಮೆತ್ತನೆಯ ಬಿಳಿ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ, ಮಾಯ್ದ ಗಾಯಕ್ಕೆ ತಾಗದಂತೆ ದಾರವನ್ನು ಉದ್ದ ಬಿಟ್ಟು ಕಟ್ಟಿದರು. ಮಗಳು ಎದೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಆಡಲು ಹೋದಳು. ನಾನು ಅಲ್ಲೇ ಅತ್ತೆಯ ಕಾಲಿಗೆ ಬಿದ್ದೆ.

“ಏಳ್ ಏಳು, ಒಲಿ ಮ್ಯಾಲೆ ಬ್ಯಾಳಿ ತಳ ಹತ್ತಾಕತ್ತೈತಿ,” ಎಂದರು.