ಹಳೇ ದೋಣಿಯ ವಯಸ್ಸು ಹುಡುಕಿದ ರಸೀದಿ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂದರಿನ ಅಂಗಳದಲ್ಲಿ ದಿಮ್ಮಿಗಳ ಮೇಲೆ ಕೂರಿಸಿದ ದೋಣಿಯೊಂದರ ಹಿಂದೆ ಹೆಂಗಸೊಬ್ಬರು ಮಂಡಿಯೂರಿದ್ದಾರೆ. ಕಂಕುಳಲ್ಲಿ ಟಾರ್ಚು, ಕೈಯಲ್ಲಿ ಊಟದ ಚಮಚ. ದೋಣಿಯ ದಪ್ಪ ನೀಲಿ ಬಣ್ಣವನ್ನು ಕೆರೆಯುತ್ತಲೇ ಇದ್ದಾರೆ.

ಬಂದರಿನವರಿಗೆಲ್ಲ ಇವರು ರಸೀದಿ ಅಕ್ಕ. ತೆರಿಗೆ ಕಚೇರಿಯ ಗೇಟಿನ ಪಕ್ಕ ಮಡಚುವ ಮೇಜು, ಎರಡು ಸ್ಟೂಲು, ಕಾಗದ ಹಾರದಂತೆ ಇಟ್ಟ ತುಕ್ಕು ನಟ್ಟು: ಹದಿನಾಲ್ಕು ವರ್ಷಗಳಿಂದ ಇದೇ ಇವರ ಆಫೀಸು. ಹಳೇ ದೋಣಿ ಕೊಂಡವರಿಗೆ, ಹೊರದೇಶದಿಂದ ತರಿಸಿದವರಿಗೆ ತೆರಿಗೆಯ ಅರ್ಜಿ ತುಂಬಿಕೊಡುತ್ತಾರೆ. ದಿನಕ್ಕೆ ಏಳೆಂಟು ಮಂದಿ.

"ನಮ್ಮ ಮೊದಲನೇ ದೋಣಿ ತಗೊಂಡಾಗ ಬಣ್ಣ ನೋಡಿದ್ವಿ, ಇಂಜಿನ್ ನೋಡಿದ್ವಿ. ಮಾರಿದವನು ತೆರಿಗೆ ಕಟ್ಟಿದಾನಾ ಅಂತ ಕೇಳಲೇ ಇಲ್ಲ," ಎನ್ನುತ್ತಾರೆ. ಜಪ್ತಿಯಾದ ಆ ದೋಣಿ ಇದೇ ಅಂಗಳದಲ್ಲಿ ಕೊಳೆತುಹೋಯಿತು. ಗಂಡ ಇನ್ನೊಬ್ಬರ ದೋಣಿಯಲ್ಲಿ ಕೂಲಿಗೆ ನಿಂತರು. ಇವರು ಹಟಕ್ಕೆ ಬಿದ್ದು ತೆರಿಗೆಯ ನಿಯಮಗಳನ್ನು ಅರೆದು ಕುಡಿದರು.

ಇವತ್ತಿನ ದೋಣಿ ಅಕ್ಕತಂಗಿಯರಿಬ್ಬರದು. ಜನರನ್ನು ಆಚೆ ದಡ ದಾಟಿಸಿ ಬದುಕುವವರು, ಇದನ್ನು ಹೊರದೇಶದಿಂದ ತರಿಸಿದ್ದಾರೆ. ಮಾರಿದವನು ಕಾಗದದಲ್ಲಿ ದೋಣಿ ಕಟ್ಟಿದ ವರ್ಷದ ಬದಲು ರಿಪೇರಿಯ ವರ್ಷ ಬರೆದುಬಿಟ್ಟಿದ್ದಾನೆ. ಹಾಗಾಗಿ ಹಳೇ ದೋಣಿಗೆ ಹೊಸದರ ಬೆಲೆಯ ಲೆಕ್ಕದಲ್ಲೇ ತೆರಿಗೆ ಬಿದ್ದಿದೆ. ಇವತ್ತು ಇತ್ಯರ್ಥವಾಗದಿದ್ದರೆ ಹರಾಜು.

"ಆ ತೆರಿಗೇಲಿ ಇನ್ನೊಂದು ದೋಣಿನೇ ಬರುತ್ತಲ್ಲಕ್ಕಾ!" ಪಕ್ಕದಲ್ಲಿ ನಿಂತ ತಂಗಿ ಕಣ್ಣೊರೆಸಿಕೊಳ್ಳುತ್ತಾಳೆ.

"ಅಳೋದು ಆಮೇಲೆ. ಟಾರ್ಚ್ ಹಿಡಿ."

ಮೂರನೇ ಪದರದ ಬಣ್ಣ ಉದುರುತ್ತದೆ. ದೋಣಿ ಕಟ್ಟಿದವರು ಕೆತ್ತಿದ ಅಕ್ಷರ, ಅಂಕಿಗಳು ಮುಖ ತೋರಿಸುತ್ತವೆ.

"ಸಿಕ್ತು ಕಣ್ರೇ! ಕೊನೇ ಎರಡಂಕಿ ಇದು ಹುಟ್ಟಿದ ವರ್ಷ. ನಿಮ್ಮ ದೋಣಿಗೆ ಹತ್ತೊಂಬತ್ತು ತುಂಬಿದೆ!"

ಹನ್ನೊಂದಕ್ಕೆ ಬಂದ ತೆರಿಗೆ ಅಧಿಕಾರಿ ಆಗದೆಂದು ತಲೆಯಾಡಿಸುತ್ತಾರೆ. "ಕಾಗದದಲ್ಲಿ ಇರೋದೇ ಲೆಕ್ಕ ಅಮ್ಮಾ."

"ತೆರಿಗೆ ಹಾಕ್ತಿರೋದು ಕಾಗದಕ್ಕಾ ಸಾರ್, ದೋಣಿಗಾ? ನೀವೇ ಬಂದು ಮುಟ್ಟಿ ನೋಡಿ."

ಅಧಿಕಾರಿ ದೋಣಿಯ ಹಿಂಬದಿಗೆ ಬರುತ್ತಾರೆ. ಆಮೇಲೆ ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ ಅಂಕಿಗಳ ಮೇಲೆ ಬೆರಳಾಡಿಸುತ್ತಾರೆ. ಎದ್ದು, ಹಳೇ ಆದೇಶಕ್ಕೆ ಅಡ್ಡಗೆರೆ ಎಳೆಯುತ್ತಾರೆ. ತೆರಿಗೆ ಕಾಲುಭಾಗಕ್ಕೆ ಇಳಿಯುತ್ತದೆ.

ಮಧ್ಯಾಹ್ನ ದೋಣಿ ನೀರಿಗೆ ಇಳಿದಾಗ ಬಂದರಿನ ದೋಣಿಗಳೆಲ್ಲ ಒಟ್ಟಿಗೆ ಹಾರನ್ ಬಾರಿಸುತ್ತವೆ. ಒಂದು ಸುತ್ತು ಬನ್ನಿ ಎಂದು ಅಕ್ಕತಂಗಿಯರು ಕೂಗಿ ಕರೆಯುತ್ತಾರೆ. ರಸೀದಿ ಅಕ್ಕನ ಮೇಜಿನ ಮುಂದೆ ಆಗಲೇ ಮೂವರು ಕಾಯುತ್ತಿದ್ದಾರೆ.

"ಭಾನುವಾರ ಬರ್ತೀನಿ ಅಂದಿದೀನಿ," ಎಂದು ನಗುತ್ತಾರೆ. "ದೊಡ್ಡ ಆಸೆ ಏನಿಲ್ಲ. ದೂರ ಹೋಗಿ, ಅಲ್ಲಿಂದ ಈ ಆಫೀಸು ಎಷ್ಟು ಚಿಕ್ಕದಾಗಿ ಕಾಣುತ್ತೆ ಅಂತ ಒಂದ್ಸಲ ನೋಡಬೇಕು."