ಕಳ್ಳಂಬೆಳ್ಳದ ಕೆರೆಯೊಳಗಿನ ಜಾಲಿ

ಶಿರಾಕ್ಕೆ ಹೊರಟ, ಇದ್ದಿಲ ಹೊಗೆಯಿಂದ ಓಡುವ ಮೋಟಾರು ಬಸ್ಸು ಇವತ್ತು ಮೂರನೆಯ ಸಲ ಕೆಟ್ಟು, ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ನಿಂತಿತು. ಕೂತು ಕೂತು ಸೊಂಟ ಬಿದ್ದುಹೋಗಿತ್ತು. ಇಳಿದೆ.

ನೀರಿನ ಬಳಿ ಬೆಸ್ತರ ದಾಸಣ್ಣನೆಂಬ ಮುದುಕ ಗಾಳ ಸರಿಮಾಡುತ್ತಿದ್ದ. ಜಾಲಿಕೊಂಬೆಗಳಿಗೆ ಕಲ್ಲು ಕಟ್ಟಿ ಕೆರೆಯಲ್ಲಿ ಮುಳುಗಿಸಿದ್ದೇನೆ, ಮೀನು ತಾವಾಗಿಯೇ ಬಂದು ಸೇರುತ್ತವೆ ಎಂದ. ಸುಸ್ತಾದಾಗ ನನಗೆ ವಾದದ ಚಟ ಹೆಚ್ಚು.

"ಮುಳ್ಳು ತಿನ್ನಲು ಮೀನು ಬರುತ್ತದೆಯೇ?"

"ತಿನ್ನಾಕಲ್ಲ ಸೋಮಿ, ಅವಿತ್ಕೊಳ್ಳಾಕೆ. ಮ್ಯಾಲೆ ಕೊಕ್ಕರೆ, ಕೆಳಗೆ ದೊಡ್ಡ ಮೀನು. ಎಲ್ಲಿಗೋದಾವು?"

"ಪುರಾವೆ ಏನು? ಎಲ್ಲಿದೆ, ತೋರಿಸು."

"ಅದೊಂದ್ ಕೇಳ್ಬ್ಯಾಡಿ. ಜಾಗ ಗೊತ್ತಾದ್ರೆ ಎಲ್ರೂ ಬಂದು ಬಾಚ್ಕೊಂಡೋಗ್ತಾರೆ. ನಂಗೇನ್ ಉಳೀತದೆ?"

"ಹಾಗಾದರೆ ಇಲ್ಲವೆಂದೇ ಅರ್ಥ."

ಏರಿಯ ಮೇಲೆ ನಿಂತಿದ್ದ ಪ್ರಯಾಣಿಕರೂ ಊರವರೂ ನಕ್ಕರು. ಮುದುಕನಿಗೆ ರೇಗಿತು; ನೀರಿಗಿಳಿದ. ಗುರುತಿಗೆ ಒಂದು ಗೂಟವೂ ಇರಲಿಲ್ಲ. ಆಚೆ ದಡದ ಹುಣಸೆಮರವನ್ನೂ ಅದರ ಹಿಂದಿನ ಗುಡ್ಡದ ತುದಿಯನ್ನೂ ಕಣ್ಣಲ್ಲೇ ಒಂದು ಗೆರೆಗೆ ತಂದುಕೊಂಡು, ಎದೆಮಟ್ಟದ ನೀರಿನಲ್ಲಿ ನಿಂತು ಗಾಳ ಬಿಟ್ಟ. ಒಂದು ಬೀಡಿ ಹಚ್ಚುವಷ್ಟು ಹೊತ್ತಿನಲ್ಲಿ ಮೊಳದುದ್ದದ ಕೊರವ ಮೀನು ಮೇಲೆ ಬಂತು.

ಒಪ್ಪಿದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಏರಿಯ ಮೇಲಿಂದ ಇನ್ನೊಬ್ಬ ಬೆಸ್ತ ಕೂಗಿದ: "ಅಲ್ಲೈತಾ ನಿನ್ ಮುಳ್ಳು, ದಾಸಣ್ಣ! ಎಲ್ಡ್ ವರ್ಸದಿಂದ ಹುಡುಕಿ ಸಾಕಾಗೋಗಿತ್ತು ಕಣಣ್ಣೋ!"

ದಾಸಣ್ಣ ಮೀನನ್ನು ನನ್ನ ಕಾಲ ಬಳಿ ಎಸೆದ. "ತಗಳಿ ಸೋಮಿ, ನಿಮ್ ಪುರಾವೆ."

ಡ್ರೈವರು ಹಾರನ್ ಹೊಡೆದ. ಹತ್ತಿ ಕೂತು ತಿರುಗಿ ನೋಡಿದಾಗ ಮುದುಕ ಇನ್ನೂ ನೀರಿನಲ್ಲೇ ಇದ್ದ. ಬೇರೆ ಕಡೆ ಮುಳುಗಿಸಲೆಂದು ಆ ಮುಳ್ಳುಕೊಂಬೆಗಳನ್ನು ಬರಿಗೈಯಲ್ಲಿ ಒಂದೊಂದಾಗಿ ಕೀಳುತ್ತಿದ್ದ.